ನೇಗಿಲು ಹಿಡಿದವರು ಕೊನೆಗೆ ಸೇರಿದ ಮನೆ

ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ಡೀರಮ್ ಪಟ್ಟಣ ದಾಟಿ ಹೊಲಗಳ ನಡುವೆ ಸ್ವಲ್ಪ ದೂರ ಸಾಗಿದರೆ ಗ್ರೆಸೆನ್‌ಹಾಲ್ ಸಿಗುತ್ತದೆ. ಅಲ್ಲಿನ ಕೆಂಪು ಇಟ್ಟಿಗೆಯ ವಿಶಾಲ ಕಟ್ಟಡವನ್ನು ದೂರದಿಂದ ಕಂಡವರು ಯಾವುದೋ ಜಮೀನ್ದಾರನ ಬಂಗಲೆ ಎಂದುಕೊಂಡಾರು. ಆದರೆ 1777ರಲ್ಲಿ ಅದು ಎದ್ದು ನಿಂತದ್ದು ಸುತ್ತಲಿನ ಊರುಗಳ ಬಡವರಿಗಾಗಿ. ಈಗ ಅದು ನಾರ್ಫೋಕಿನ ಹಳ್ಳಿಬದುಕಿನ ಮ್ಯೂಸಿಯಂ.

ಆರಂಭದಲ್ಲಿ ಅದರ ಹೆಸರು ‘ಹೌಸ್ ಆಫ್ ಇಂಡಸ್ಟ್ರಿ’. ಒಂದೊಂದು ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ತನ್ನ ಬಡವರನ್ನು ತಾನೇ ಸಾಕುವ ಬದಲು ಹತ್ತಾರು ಪ್ಯಾರಿಷ್‌ಗಳು ಕೂಡಿ ಒಂದೇ ಮನೆ ಕಟ್ಟಿ, ಅಲ್ಲಿ ಕೆಲಸ ಮಾಡಿಸಿ ಖರ್ಚು ತಗ್ಗಿಸುವ ಲೆಕ್ಕಾಚಾರ ಅದು. ಬಡವರ ಪೋಷಣೆಗೆಂದು ಬಂದ 1834ರ ಹೊಸ ‘ಬಡವರ ಕಾನೂನು’ ಆ ಲೆಕ್ಕವನ್ನು ಇನ್ನಷ್ಟು ಕಠಿಣಗೊಳಿಸಿತು. ಹೊರಗೆ ದುಡಿಯುವ ಕಡುಬಡವನ ಬದುಕಿಗಿಂತ ಒಳಗಿನ ಬದುಕು ಕೀಳಾಗಿರಬೇಕು, ಆಗ ಮಾತ್ರ ಜನ ಬಾಗಿಲು ತಟ್ಟಲು ಹಿಂಜರಿಯುತ್ತಾರೆ ಎಂಬುದು ಅದರ ಮೂಲತತ್ವ. ಗ್ರೆಸೆನ್‌ಹಾಲ್ ‘ಯೂನಿಯನ್ ವರ್ಕ್‌ಹೌಸ್’, ಅಂದರೆ ಪ್ಯಾರಿಷ್‌ಗಳ ಒಕ್ಕೂಟದ ದುಡಿಮೆಮನೆ, ಆಯಿತು. ಗಂಡಸರು, ಹೆಂಗಸರು, ಮಕ್ಕಳನ್ನು ಬೇರೆ ಬೇರೆ ಇರಿಸಲಾಯಿತು. ಅಂಗಳಗಳ ನಡುವೆ ಗೋಡೆ ಎದ್ದಿತು. ವಯಸ್ಸಾದ ದಂಪತಿ ಒಟ್ಟಿಗಿರಲೆಂದು ಪುಟ್ಟ ಮನೆಯೊಂದನ್ನು ಕಟ್ಟಿದ್ದು 1850ರ ದಶಕದಲ್ಲಿ.

ಇಲ್ಲಿನ ಕಥೆಗಳಲ್ಲಿ ನನ್ನನ್ನು ಬಹಳ ಕಾಡುವುದು ಒಂದು ಜಾಕೆಟ್. ಮದುವೆಯಾಗದೆ ತಾಯಿಯಾದ ಹೆಣ್ಣುಮಕ್ಕಳು ಉಳಿದವರ ನಡುವೆ ಎದ್ದು ಕಾಣುವಂತೆ ಅದನ್ನು ತೊಡಬೇಕಿತ್ತು. ಹೀಗೆ ಅವಮಾನಿಸುವ ಉಡುಪು ಕೂಡದೆಂದು ಬಡವರ ಕಾನೂನಿನ ಉಸ್ತುವಾರಿ ಹೊತ್ತ ಲಂಡನ್ನಿನ ಆಯುಕ್ತರು 1839ರಲ್ಲೇ ಸೂಚಿಸಿದ್ದರೂ ಗ್ರೆಸೆನ್‌ಹಾಲ್‌ನಲ್ಲಿ ಆ ಪದ್ಧತಿ ಎಷ್ಟೋ ವರ್ಷ ಮುಂದುವರಿಯಿತು. ಆ ಹೆಂಗಸರಿಗೆ ‘ಜಾಕೆಟ್ ವಿಮೆನ್’ ಎಂದೇ ಹೆಸರು ಬಿತ್ತು. ತಂದೆಯಾದವನಿಗೆ ಅಂಥ ಯಾವ ಗುರುತೂ ಇರಲಿಲ್ಲ.

ಈ ಮನೆಗೆ ಬಂದವರು ಸೋಮಾರಿಗಳೇ? ನಾರ್ಫೋಕ್ ಆಗಿನ ಇಂಗ್ಲೆಂಡಿನಲ್ಲಿ ಸುಧಾರಿತ ಬೇಸಾಯಕ್ಕೆ ಹೆಸರಾದ ನಾಡು. ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್ ಎಂದು ಸರದಿಯಲ್ಲಿ ಬೆಳೆ ತೆಗೆಯುವ ಪದ್ಧತಿಗೆ ಅದರದೇ ಹೆಸರಿದೆ. ಫಸಲು ಹೆಚ್ಚಿತು, ಆದರೆ ಕೂಲಿಯವನ ಪಾಲು ಹೆಚ್ಚಲಿಲ್ಲ. ಚಳಿಗಾಲದಲ್ಲಿ ಅವನ ಒಲೆ ಉರಿಸುತ್ತಿದ್ದದ್ದು ಕಣದಲ್ಲಿ ಕಾಳು ಬಡಿಯುವ ಕೆಲಸ. ಒಕ್ಕುವ ಯಂತ್ರ ಅದನ್ನೂ ಕಿತ್ತುಕೊಂಡಿತು. 1830ರಲ್ಲಿ ಕೂಲಿಗಳು ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನುದ್ದಕ್ಕೂ ಯಂತ್ರಗಳನ್ನು ಒಡೆದರು, ನಾರ್ಫೋಕಿನಲ್ಲೂ ಒಡೆದರು. ಅದಾಗಿ ನಾಲ್ಕೇ ವರ್ಷಕ್ಕೆ ಹೊಸ ಕಾನೂನು ಬಂತು.

1948ರಲ್ಲಿ ಬ್ರಿಟನ್ ಬಡವರ ಕಾನೂನನ್ನೇ ಕೈಬಿಟ್ಟಿತು. ಕಟ್ಟಡ ಬೀಚ್ ಹೌಸ್ ಎಂಬ ವೃದ್ಧಾಶ್ರಮವಾಯಿತು. 1976ರಲ್ಲಿ ಮ್ಯೂಸಿಯಂ ತೆರೆದಾಗ ಗಮನವೆಲ್ಲ ನೇಗಿಲು, ಗಾಡಿ, ಕಮ್ಮಾರನ ಉಪಕರಣಗಳ ಮೇಲೆ. ಟ್ರಾಕ್ಟರ್ ಬಂದು ಮೂಲೆಗೆ ಸೇರಿದ್ದ ಸಾಮಾನುಗಳನ್ನು ಉಳಿಸಿದ್ದು ಒಳ್ಳೆಯ ಕೆಲಸವೇ. ಆದರೆ ಆ ನೇಗಿಲು ಹಿಡಿದವನು ಮುದುಕನಾದಾಗ, ಕಾಯಿಲೆ ಬಿದ್ದಾಗ ಸೇರಿದ್ದು ಅದೇ ಛಾವಣಿಯ ಕೆಳಗೆ ಎಂಬುದನ್ನು ಹೇಳಬೇಕಲ್ಲವೇ? ಮುಂದೆ ಮ್ಯೂಸಿಯಂ ವರ್ಕ್‌ಹೌಸಿನ ದಾಖಲೆಗಳನ್ನು ಕೆದಕಿ, ಅಲ್ಲಿ ಬಾಳಿದವರ ಬದುಕನ್ನೇ ಎದುರಿಗಿಟ್ಟು ಪ್ರದರ್ಶನವನ್ನು ಹೊಸದಾಗಿ ಕಟ್ಟಿತು. 2016ರಲ್ಲಿ ಅದು ‘ವಾಯ್ಸಸ್ ಫ್ರಮ್ ದ ವರ್ಕ್‌ಹೌಸ್’ ಎಂಬ ಹೆಸರಿನಲ್ಲಿ ತೆರೆಯಿತು. ಇದರಿಂದಲೇ ಮ್ಯೂಸಿಯಂ ಪೂರ್ಣವಾಯಿತೆಂದು ನನ್ನ ಭಾವನೆ.

ನಾರಿಚ್‌ನಲ್ಲಿ ಬಂಧುಗಳೋ ಓದುವ ಮಕ್ಕಳೋ ಇದ್ದು ಅತ್ತ ಹೋಗುವವರು ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಗ್ರೆಸೆನ್‌ಹಾಲ್‌ಗೆ ಒಂದು ಹಗಲು ತೆಗೆದಿಡಿ. ಚಳಿಗಾಲದಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ, ವಿಚಾರಿಸಿಕೊಂಡು ಹೊರಡಿ. ಮಕ್ಕಳು ಪಕ್ಕದ ಯೂನಿಯನ್ ಫಾರ್ಮಿನ ಸಫೋಕ್ ಪಂಚ್ ಕುದುರೆಗಳ ಕಡೆಗೆ ಎಳೆಯುತ್ತಾರೆ. ಕುದುರೆಗಳನ್ನು ಆಮೇಲೆ ನೋಡಬಹುದು, ಮೊದಲು ಅಂಗಳಗಳನ್ನು ನೋಡಿ ಬನ್ನಿ.