ಇಪ್ಪತ್ತೈದರ ಹುಡುಗಿಗೆ ಇಳಿಯದ ಬಿಪಿ: ಕೈ ಕಾಲಿನ ನಾಡಿನೂ ನೋಡಿಸಿ

ಬಿಪಿ ಅಂದ್ರೆ ವಯಸ್ಸಾದವರ ಕಾಯಿಲೆ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಆದರೆ 20-25ರ ಹೆಣ್ಣುಮಗಳಿಗೆ ಬಿಪಿ ಏರಿದೆ, ಎರಡು ಮೂರು ಥರ ಮಾತ್ರೆ ನುಂಗಿದ್ರೂ ಇಳೀತಿಲ್ಲ ಅಂದ್ರೆ, 'ಟೆನ್ಶನ್ ಮಾಡ್ಕೋತಾಳೆ' ಅಂತ ಸುಮ್ಮನಿರಬಾರದು. ಕಾರಣ ಹಲವು ಇರಬಹುದು. ಅದರಲ್ಲಿ ಅಪರೂಪದ್ದೊಂದು, ಟಕಯಾಸು ಕಾಯಿಲೆ.

1908ರಲ್ಲಿ ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ಟಕಯಾಸು ಇದನ್ನು ಯುವತಿಯೊಬ್ಬಳ ಕಣ್ಣಿನ ರಕ್ತನಾಳದಲ್ಲಿ ಗುರುತಿಸಿದರು. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆ ಮೇಲೆ ತಿರುಗಿ ಬೀಳುತ್ತೆ. ಗೋಡೆ ಊದಿ ದಪ್ಪವಾಗಿ ಒಳದಾರಿ ಕಿರಿದಾಗುತ್ತೆ. ಹೆಚ್ಚಾಗಿ 40ರೊಳಗಿನ ಹೆಂಗಸರಿಗೇ ಬರೋದು. ಭಾರತದಲ್ಲಿ ಹೊಟ್ಟೆ ಭಾಗದ ಮಹಾಪಧಮನಿ, ಕಿಡ್ನಿಯ ರಕ್ತನಾಳಕ್ಕೆ ಏಟು ಜಾಸ್ತಿ. ರಕ್ತ ಸಾಲದ ಕಿಡ್ನಿ, ದೇಹದಲ್ಲಿ ಬಿಪಿನೇ ಕಮ್ಮಿಯಾಗಿದೆ ಅಂತ ತಿಳಿದು ಅದನ್ನ ಇನ್ನೂ ಏರಿಸುತ್ತೆ. ಮಾತ್ರೆಗೆ ಬಗ್ಗದಿರೋದು ಇದಕ್ಕೇ.

ಮೊದಲು ಸ್ಟೀರಾಯ್ಡ್ ಮತ್ತಿತರ ಔಷಧಿಯಿಂದ ಉರಿಯೂತ ತಣ್ಣಗಾಗಬೇಕು. ಉರಿಯೂತ ಇರುವಾಗಲೇ ಆಪರೇಷನ್ ಮಾಡಿದರೆ ಹೊಲಿಗೆ ಹಾಕಿದ ಜಾಗ ಮತ್ತೆ ಕಿರಿದಾಗುವ, ಇಲ್ಲವೇ ಉಬ್ಬುವ ಅಪಾಯ ಹೆಚ್ಚು. ಚಿಕ್ಕ ಕಿರಿದುಭಾಗಕ್ಕೆ ಬಲೂನ್ ಹಾಕಿ ಹಿಗ್ಗಿಸೋದುಂಟು. ಉದ್ದಕ್ಕೂ ಕಟ್ಟಿಕೊಂಡಿದ್ದರೆ ಬೈಪಾಸ್. (ಬೈಪಾಸ್ ಅಂದ್ರೆ ನಮ್ಮ ಪೇಟೆ ಅಂಗಡಿಯವರಿಗೆ ಸಿಟ್ಟು ಬರುತ್ತೆ, ಆದ್ರೆ ಇದು ಜೀವ ಉಳಿಸೋ ಬೈಪಾಸ್.) ಕೆಟ್ಟ ಭಾಗ ಇದ್ದಲ್ಲೇ ಇರುತ್ತೆ. ಎದೆಭಾಗದ ಚೆನ್ನಾಗಿರೋ ಮಹಾಪಧಮನಿಗೆ ಪಾಲಿಯೆಸ್ಟರ್ ನೇಯ್ಗೆಯ ಕೊಳವೆ ಹೊಲಿದು, ಅದರ ಇನ್ನೊಂದು ತುದಿಯನ್ನ ಹೊಟ್ಟೆಯಲ್ಲಿ ಕಿರಿದುಭಾಗದ ಕೆಳಗೆ ಸೇರಿಸ್ತಾರೆ. ಬೇಕಾದರೆ ಕಿಡ್ನಿಗೂ ಒಂದು ಕವಲು. ದೊಡ್ಡ ಆಪರೇಷನ್, ಅಪಾಯ ಇಲ್ಲ ಅನ್ನೋಕಾಗಲ್ಲ.

ಮುಖ್ಯ ವಿಷಯ: ಕೊಳವೆ ರಕ್ತಕ್ಕೆ ದಾರಿ ಕೊಡುತ್ತೆ, ಕಾಯಿಲೆ ವಾಸಿ ಮಾಡಲ್ಲ. ವರ್ಷಗಟ್ಟಲೆ ಔಷಧಿ, ಸ್ಕ್ಯಾನ್ ತಪ್ಪಲ್ಲ. ಮದುವೆ ಮಾತುಕತೆ ಇದೆ ಅಂತ ಮುಚ್ಚಿಟ್ಟು ಮಾತ್ರೆ ಬಿಡಿಸೋ ಮನೆಯವರೇ ಅಪಾಯ ತಂದುಕೊಡೋದು. ಇದು ಅಂಟುರೋಗ ಅಲ್ಲ. ಡಾಕ್ಟರ ನಿಗಾ ಇದ್ದರೆ ಅನೇಕರಿಗೆ ಹೆರಿಗೆಯೂ ಆಗುತ್ತೆ, ಆದ್ರೆ ಗರ್ಭಕ್ಕೆ ಮುಂಚೆಯೇ ಕೇಳಬೇಕು.

ನಡೆದರೆ ಕಾಲು ಸೋಲೋದು, ಕೈಯಲ್ಲಿ ನಾಡಿ ಸಿಗದಿರೋದು, ತಿಂಗಳುಗಟ್ಟಲೆ ಸಣ್ಣ ಜ್ವರ, ಸುಸ್ತು ಇದ್ದರೆ ತಾಲೂಕು ಆಸ್ಪತ್ರೆಯಲ್ಲೇ ಎರಡೂ ಕೈ, ಕಾಲಿನ ಬಿಪಿ ನೋಡಿಸಿ. ಲೆಕ್ಕ ತೀರಾ ಬೇರೆ ಬೇರೆ ಬಂದರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತೆ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನ ಕೇಳಿ.