ಡಿಸ್ಕಿನ ಹಿಂದಿನ ಸ್ಥಿತಿಗೆ ದಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ದಾಖಲೆಗಳು ಬಹಳ ತಿದ್ದುಪಡಿಗಳನ್ನು ಕಂಡಿವೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ ಮುಂದೆ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. 2021ರಲ್ಲಿ ಐದೂ ಹೊಸ ವಿಜಯನಗರ ಜಿಲ್ಲೆಯ ಭಾಗವಾದವು. ಇಷ್ಟರೊಳಗೆ ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಿಂದಾಗಿ ಕೈಬರಹದ ಪಹಣಿಯ ಸ್ಥಾನಕ್ಕೆ ಕಂಪ್ಯೂಟರ್ ಪಹಣಿ ಬಂದಿತ್ತು. ಕಾಗದದ ಪುಸ್ತಕದಲ್ಲಿ ಹೊಡೆದುಹಾಕಿದ ಸಾಲನ್ನು ಮತ್ತೆ ಓದಬಹುದು; ಆದರೆ ಡಿಸ್ಕಿನಲ್ಲಿರುವ ಸಾಮಾನ್ಯ ಕಡತವನ್ನು ತಿದ್ದಿ ಉಳಿಸಿದರೆ, ಬೇರೆ ಏರ್ಪಾಡು ಇಲ್ಲದಿದ್ದಲ್ಲಿ, ಹಳೆಯ ಬರಹ ಸಿಗುವುದಿಲ್ಲ.

ಆ ಏರ್ಪಾಡುಗಳಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಒಂದು ಗಳಿಗೆಯಲ್ಲಿ ಡಿಸ್ಕ್ ಇದ್ದ ಸ್ಥಿತಿಯನ್ನು ಹಾಗೆಯೇ ಕಾಯ್ದಿಡುವ ವಿಧಾನ. ಅದು ಇಡೀ ಡಿಸ್ಕನ್ನು ನಕಲು ಮಾಡುವುದಿಲ್ಲ. ಆ ಗಳಿಗೆಯ ನಂತರ ಯಾವ ಭಾಗ ಬದಲಾಗುತ್ತದೆಯೋ ಅದರ ಹಳೆಯ ರೂಪವನ್ನಷ್ಟೇ, ವಿಂಡೋಸ್‌ನಲ್ಲಾದರೆ 16 ಕಿಲೋಬೈಟ್‌ನ ತುಂಡುಗಳಾಗಿ, ಬೇರೆಡೆ ಎತ್ತಿಡುತ್ತದೆ.

ಯುನಿಕ್ಸ್ ಪರಂಪರೆಯಲ್ಲಿ ಡಿಸ್ಕ್ ಮೊದಲಾದ ಸಾಧನಗಳಿಗೂ ಕಡತಗಳಂತೆ ಹೆಸರು ಮತ್ತು ವಿಳಾಸ ಇರುತ್ತವೆ. ಈ ವಿಳಾಸವೇ ಸಾಧನಪಥ. ಲಿನಕ್ಸ್‌ನಲ್ಲಿ ಡಿಸ್ಕಿನ ಜಾಗವನ್ನು ನಿರ್ವಹಿಸುವ ಎಲ್‌ವಿಎಂ ವ್ಯವಸ್ಥೆಯಲ್ಲಿ ಸ್ನ್ಯಾಪ್‌ಶಾಟ್ ‘ಡೆವ್’ ಎಂಬ ಕೋಶದಲ್ಲಿ ಮತ್ತೊಂದು ಡಿಸ್ಕ್‌ನಂತೆ ಕಾಣಿಸಿಕೊಳ್ಳುವುದರಿಂದ, ಅದನ್ನು ಓದಲು ಮಾತ್ರ ಅವಕಾಶವಿರುವಂತೆ ಮೌಂಟ್ ಮಾಡಿ, ಅಂದರೆ ಕಡತವ್ಯವಸ್ಥೆಗೆ ಜೋಡಿಸಿ, ಬೇಕಾದ ಕಡತವನ್ನು ಹೊರತೆಗೆಯಬಹುದು. ವಿಂಡೋಸ್‌ನಲ್ಲಿ ಈ ಕೆಲಸ ಮಾಡುವ ವಾಲ್ಯೂಮ್ ಶ್ಯಾಡೋ ಕಾಪಿಯ ಪ್ರತಿಗಳಿಗೆ ಸಿ, ಡಿ ಎಂಬಂಥ ಡ್ರೈವ್ ಅಕ್ಷರ ತಾನಾಗಿ ದೊರೆಯದು. ಅವು ‘ಹಾರ್ಡ್‌ಡಿಸ್ಕ್‌ವಾಲ್ಯೂಮ್‌ಶ್ಯಾಡೋಕಾಪಿ’ ಎಂಬ ಹೆಸರು ಮತ್ತು ಕ್ರಮಸಂಖ್ಯೆಯೊಡನೆ ವಿಂಡೋಸ್‌ನ ಒಳಗಿನ ಸಾಧನಪಟ್ಟಿಯಲ್ಲಿರುತ್ತವೆ. ವಿಂಡೋಸ್‌ನೊಳಗೇ ಯುನಿಕ್ಸ್ ರೀತಿಯ ಪರಿಸರವನ್ನು ಒದಗಿಸುವ ಸಿಗ್‌ವಿನ್ ತಂತ್ರಾಂಶವು ಆ ಪಟ್ಟಿಯನ್ನು ‘ಪ್ರಾಕ್’ ಕೋಶದೊಳಗಿನ ‘ಸಿಸ್’ ಎಂಬ ಉಪಕೋಶದಲ್ಲಿ ತೆರೆದಿಡುತ್ತದೆ. ‘ವಿಎಸ್‌ಎಸ್‌ಅಡ್ಮಿನ್’ ಆದೇಶದಿಂದ ಪ್ರತಿಯ ಸಂಖ್ಯೆಯನ್ನು ತಿಳಿದು, ನಿರ್ವಾಹಕನ ಅಧಿಕಾರದೊಂದಿಗೆ ಅಲ್ಲಿನ ‘ಡಿವೈಸ್’ ಮಾರ್ಗವಾಗಿ ಹೋದರೆ, ಹಳೆಯ ಕಡತಗಳನ್ನು ಸಾಮಾನ್ಯ ಆದೇಶಗಳಿಂದಲೇ ನಕಲಿಸಿಕೊಳ್ಳಬಹುದು.

ಈ ಸೌಲಭ್ಯಕ್ಕೆ ಮಿತಿಯುಂಟು. ಮೀಸಲಿಟ್ಟ ಜಾಗ ತುಂಬಿದಾಗ ವಿಂಡೋಸ್ ಹಳೆಯ ಪ್ರತಿಗಳನ್ನು ಅಳಿಸುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಹಲವು ಕುತಂತ್ರಾಂಶಗಳು ಮೊದಲು ಇವುಗಳನ್ನೇ ನಾಶಮಾಡುತ್ತವೆ. ಡಿಸ್ಕೇ ಕೆಟ್ಟರೆ ಅದರೊಳಗಿನ ಸ್ನ್ಯಾಪ್‌ಶಾಟ್ ಕೂಡ ಹೋಗುತ್ತದೆ. ಆದ್ದರಿಂದ ಕಚೇರಿ, ಶಾಲೆ, ಸಹಕಾರ ಸಂಘ ಯಾವುದೇ ಇರಲಿ, ದಾಖಲೆ ಇಟ್ಟುಕೊಂಡವರು ಬೇರೊಂದು ಡಿಸ್ಕಿನಲ್ಲಿ, ಬೇರೊಂದು ಕಟ್ಟಡದಲ್ಲಿ ಇನ್ನೊಂದು ಪ್ರತಿಯನ್ನು ಇಡಬೇಕು ಮತ್ತು ಅದು ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು.