ಗುಳ್ಳದ ಫೋಟೊಗೆ ‘ಸೂಪರ್’ ಅಂದರೆ ಸಾಕಾ?

ಭಾನುವಾರ ಬೆಳಗ್ಗೆ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೊ ಬರುತ್ತೆ. ಹೆಜಮಾಡಿ ಮನೆಯ ಚಾವಡಿ, ಹಳೇ ಮಣೆ, ಅದರ ಮೇಲೆ ನಾಲ್ಕು ಮಟ್ಟುಗುಳ್ಳ, ಪಕ್ಕದಲ್ಲಿ ತಾಮ್ರದ ಚೆಂಬು. ತೆಗೆದವಳು ವಾರವಿಡೀ ಮಣಿಪಾಲದಲ್ಲಿ ಲ್ಯಾಪ್‌ಟಾಪ್ ಎದುರು ಕೂರುವ ಹುಡುಗಿ. ಐದು ನಿಮಿಷದಲ್ಲಿ ಹನ್ನೆರಡು ಹೆಬ್ಬೆರಳು, ನಾಲ್ಕು ‘ಸೂಪರ್’. ಮಾವ ಒಬ್ಬರದ್ದು ‘ಇವತ್ತು ಬೋಳು ಹುಳಿಯಾ?’ ಅಣ್ಣ ಒಬ್ಬನದ್ದು ‘ಮೊದಲು ಒಳ್ಳೆ ಕ್ಯಾಮೆರಾ ತಗೋ ಮಾರಾಯ್ತಿ.’ ಇಷ್ಟರಲ್ಲಿ ಅವಳಿಗೆ ಕಲಿಯೋಕೆ ಸಿಕ್ಕಿದ್ದೇನು? ಹೀಗೇ ನಾಲ್ಕು ವಾರ ಆದರೆ ಐದನೇ ವಾರ ಫೋಟೊ ಬರೋದಿಲ್ಲ.

ಸ್ಟಿಲ್ ಲೈಫ್, ಅಂದರೆ ಕ್ಯಾಮೆರಾ ಕ್ಲಬ್ಬಿನವರು ‘ಟೇಬಲ್ ಟಾಪ್’ ಅನ್ನುವ ಈ ಬಗೆಯಲ್ಲಿ ಒಂದು ವಿಶೇಷ ಉಂಟು. ಶಾಂಭವಿ ಅಳಿವೆಯಲ್ಲಿ ದೋಣಿ ಸರಿಯಾಗಿ ಬರದಿದ್ದರೆ ದೋಣಿಯನ್ನೋ ಅಲೆಯನ್ನೋ ದೂರಬಹುದು. ಇಲ್ಲಿ ಹಾಗಲ್ಲ. ವಸ್ತು, ಬಟ್ಟೆ, ಬೆಳಕು, ಎಲ್ಲಾ ತೆಗೆದವರೇ ಆರಿಸಿ ಇಟ್ಟದ್ದು. ಹಾಗಾಗಿ ಒಂದು ಮಾತು ಜಾಸ್ತಿ ಆದರೂ ನೇರ ಮನಸ್ಸಿಗೆ ತಾಗುತ್ತೆ. ಒಳ್ಳೇದೂ ಉಂಟು: ಗುಳ್ಳ ಎಲ್ಲೂ ಓಡಿಹೋಗಲ್ಲ, ಐದೇ ನಿಮಿಷದಲ್ಲಿ ಇನ್ನೊಂದು ತೆಗೀಬಹುದು. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಜಗತ್ಪ್ರಸಿದ್ಧ ಚಿತ್ರದ ಹೆಸರೇ ‘ಪೆಪ್ಪರ್ ನಂ. 30’. ಅದಕ್ಕೂ ಮೊದಲು ಎಷ್ಟು ಮೆಣಸು ಕ್ಯಾಮೆರಾ ಎದುರು ಕೂತಿರಬೇಕು, ನೀವೇ ಯೋಚಿಸಿ!

ಹಾಗಾದರೆ ಹೇಳೋದು ಹೇಗೆ? ಮೊದಲು ತೀರ್ಪು ಬೇಡ, ಕಣ್ಣಿಗೆ ಕಂಡದ್ದು ಹೇಳಿ. ‘ನನ್ನ ಕಣ್ಣು ಮೊದಲು ಚೆಂಬಿನ ಮೇಲಿನ ಬಿಳಿ ಹೊಳಪಿಗೆ ಹೋಯ್ತು, ಗುಳ್ಳ ಆಮೇಲೆ ಕಾಣಿಸ್ತು.’ ಇದರಲ್ಲಿ ಜಗಳಕ್ಕೆ ಜಾಗ ಇಲ್ಲ. ಆಮೇಲೆ ಕೇಳಿ, ‘ನಿಂಗೆ ತೋರಿಸಬೇಕಾಗಿದ್ದು ಯಾವುದು?’ ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ, ಎಲ್ಲರೂ ಮರೆಯೋದೂ ಇದನ್ನೇ. ‘ಚೆಂಬೇ’ ಅಂದರೆ ನಿಮ್ಮ ಸಲಹೆ ಪೂರ್ತಿ ಬೇರೆ. ‘ಗುಳ್ಳದ ಮೈಮೇಲಿನ ಗೀರು’ ಅಂದರೆ ಒಂದೇ ಒಂದು ಬದಲಾವಣೆ ಹೇಳಿ: ಟ್ಯೂಬ್‌ಲೈಟ್ ಆರಿಸಿ ಮಣೆಯನ್ನು ಕಿಟಕಿ ಪಕ್ಕಕ್ಕೆ ಎಳಿ. ಬದಿಯಿಂದ ಬರೋ ಬೆಳಕಲ್ಲಿ ಗೀರೂ ಏಳುತ್ತೆ, ಗುಂಡಗಿನ ಮೈಯೂ ತುಂಬುತ್ತೆ. ಎದುರಿನ ಫ್ಲ್ಯಾಶ್‌ಗೆ 2011ರಲ್ಲಿ ಜಿಐ ಟ್ಯಾಗ್ ಪಡೆದ ಗುಳ್ಳವೂ ಚಪ್ಪಟೆಯೇ. ಹಿನ್ನೆಲೆ, ಕ್ರಾಪು, ಬಣ್ಣ ಎಲ್ಲಾ ಮುಂದಿನ ವಾರಕ್ಕಿರಲಿ.

ಪರಿಭಾಷೆಯೂ ಕಮ್ಮಿ ಇರಲಿ. ಶಂಕರಪುರ ಮಲ್ಲಿಗೆಯ ಒಂದು ಚೆಂಡಲ್ಲಿ 800 ಹೂವು; ಕಪ್ಪು ಬಟ್ಟೆಯ ಮೇಲಿಟ್ಟು ತೆಗೆದರೆ ಫೋನು ತಾನಾಗೇ ಬೆಳಕು ಏರಿಸಿ ಎಲ್ಲವನ್ನೂ ಒಂದು ಬಿಳಿ ಉಂಡೆ ಮಾಡಿಬಿಡುತ್ತೆ. ‘ಓವರ್ ಎಕ್ಸ್‌ಪೋಸ್ ಆಗಿದೆ’ ಅಂದರೆ ಹೊಸಬರಿಗೆ ಎಂತ ಗೊತ್ತಾಗುತ್ತೆ? ‘ಸ್ಕ್ರೀನಲ್ಲಿ ಹೂವಿನ ಮೇಲೆ ಬೆರಳು ಒತ್ತಿ, ಎಸಳು ಬಿಡಿಬಿಡಿಯಾಗಿ ಕಾಣೋವರೆಗೆ ಬೆಳಕು ಇಳಿಸು’ ಅನ್ನಿ, ಆ ಕ್ಷಣವೇ ಮಾಡ್ತಾರೆ.

ಹೊಗಳಿಕೆಗೂ ಇದೇ ಲೆಕ್ಕ. ‘ಚೆನ್ನಾಗಿದೆ’ ಬದಲು ‘ಮಣೆಯ ಸವೆದ ಅಂಚು ಬಿಟ್ಟಿಲ್ಲವಲ್ಲ, ಅದು ಇಷ್ಟ ಆಯ್ತು’ ಅಂದರೆ ಮುಂದಿನ ಸಲವೂ ಆ ಅಂಚು ಉಳಿಯುತ್ತೆ.

ತಿದ್ದುವ ಮಾತು ಗ್ರೂಪಲ್ಲಿ ಬೇಡ, ಪರ್ಸನಲ್ ಆಗಿ ಕಳಿಸಿ. ಕೇಳದೇ ಅವರ ಫೋಟೊವನ್ನು ನೀವೇ ಎಡಿಟ್ ಮಾಡಿ ‘ನೋಡು, ಹೀಗಿರಬೇಕು’ ಅಂತ ವಾಪಸ್ ಕಳಿಸೋದು ಮಾತ್ರ ಬೇಡವೇ ಬೇಡ ಮಾರಾಯ್ರೆ, ಅದು ಬೇರೆಯವರ ಸಾರಿಗೆ ಕೇಳದೇ ಉಪ್ಪು ಹಾಕಿದ ಹಾಗೆ.